ಹಳದಿ ತಂತಿ

ದಾ ಖುರೇ ಸಂತೆಯ ಹಿಂದಿನ ಸಾಲಿನಲ್ಲಿ
ಹಡಗು ಇಳಿದು ಬಂದ ಕಬ್ಬಿಣದ ಡಬ್ಬಿಯೇ ನನ್ನ ಅಂಗಡಿ.
ಉಲಾನ್‌ಬಾತರಿನಲ್ಲಿ ಈ ಬೆಳಿಗ್ಗೆ ಮೈನಸ್ ಇಪ್ಪತ್ತೆಂಟು.
ಸ್ಕ್ರೂ ಬಾಯಲ್ಲಿ ಕಚ್ಚಿದರೆ ತುಟಿಗೆ ಅಂಟುತ್ತದೆ;
ಒಮ್ಮೆ ಕಲಿತಿದ್ದೇನೆ, ಸಾಕು.

ದಮ್ದಿನ್ ಗುವಾಯ್ ಬಂದದ್ದು ಹಳೇ ಬಿಳಿ ಇಪ್ಸಮ್‌ನಲ್ಲಿ.
ನಮ್ಮ ರಸ್ತೆ ಬಲಕ್ಕೆ, ಅದರ ಸ್ಟೀರಿಂಗೂ ಬಲಕ್ಕೆ.
ಜಪಾನಿನಿಂದ ಬಂದ ಗಾಡಿಗಳೆಲ್ಲ ಹೀಗೇ,
ತವರಿನ ಹಠ ಬಿಡದ ಸೊಸೆಯಂದಿರು.
"ಹಿಂದೆ ಕಾಣುವಂಥ ಪರದೆ ಹಾಕು ಮಗಳೇ,
ಕುದುರೆ ಕೆಡವಿದ ಮೇಲೆ ಈ ಕತ್ತು
ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ."

ಚಳಿಗೆ ಪ್ಲಾಸ್ಟಿಕ್ಕು ಬಿಸ್ಕತ್ತು.
ಕೂದಲೊಣಗಿಸುವ ಯಂತ್ರದಲ್ಲಿ ಊದಿ, ಒಲಿಸಿ,
ಒಂದೊಂದೇ ಕೊಕ್ಕೆ ಬಿಡಿಸಿ
ಹಳೆಯ ಸ್ಟೀರಿಯೋ ಎಳೆದರೆ, ಹಿಂದಿನ ಪೊಟರೆಯಲ್ಲಿ
ಒಂದು ಹೇರ್‌ಪಿನ್ನು, ನಡುವೆ ತೂತಿನ ಐದು ಯೆನ್ ನಾಣ್ಯ,
ಯಾವುದೋ ಮಗು ಮಡಚಿ ಮಡಚಿ ತುರುಕಿದ ಚಾಕೊಲೇಟಿನ ಕಾಗದ.
ಮುದುಕ ಅಂಗೈಯಲ್ಲಿ ಹರಡಿ ನೋಡಿದ.
"ಇದ್ದಲ್ಲೇ ಇಟ್ಟುಬಿಡು" ಅಂದ. "ಅವರದು."

ಇನ್ನು ತಂತಿಗಳು.
ಕಪ್ಪು, ಗಾಡಿಯ ಮೈಗೆ. ಕೆಂಪು, ಕೀಲಿಕೈ ಹೇಳಿದಂತೆ ಕೇಳುವುದು.
ಕಿತ್ತಳೆ, ದೀಪ ಹಚ್ಚಿದೊಡನೆ ತಗ್ಗಿ ಕೂರುವ ಮರ್ಯಾದಸ್ಥ.
ಹಳದಿಯೊಂದು ಮಾತ್ರ ಕಣ್ಣು ಮುಚ್ಚುವುದಿಲ್ಲ:
ಗಾಡಿ ಆರಿದರೂ, ಬೀಗ ಬಿದ್ದರೂ, ಊರೇ ಮಲಗಿದರೂ
ಗಂಟೆ ಎಷ್ಟಾಯಿತು, ನಿನ್ನೆಯ ಹಾಡು ಎಲ್ಲಿಗೆ ನಿಂತಿತು,
ಬ್ಯಾಟರಿಯಿಂದ ಗುಟುಕು ಗುಟುಕು ಕುಡಿದು ನೆನಪಿಟ್ಟಿರುತ್ತದೆ.

"ಆ ಹೆಂಗಸು ಹೊರಟುಹೋಗುತ್ತಾಳಾ?"
"ಯಾವ ಹೆಂಗಸು?"
"ಕೀಲಿ ತಿರುಗಿಸಿದಾಗಲೆಲ್ಲ ಏನೋ ಹೇಳುತ್ತಾಳಲ್ಲ.
ಒಂಬತ್ತು ವರ್ಷ. ಹುಷಾರಾಗಿ ಹೋಗಿ ಬಾ ಅಂತಿರಬೇಕು.
ಆಯ್ತಮ್ಮ ಅಂತೀನಿ ನಾನೂ."

ನಾನು ಕೀಲಿ ತಿರುಗಿಸಿದೆ. ಹೊಸ ಪರದೆ ನೀಲಿಯಾಗಿ ಎದ್ದಿತು,
ಕಣ್ಣುಜ್ಜಿಕೊಂಡಿತು, ಚಳಿಗೆ ತಡವರಿಸಿತು.
ಆಮೇಲೆ, ಪರದೆಯಿಂದಲ್ಲ,
ಕೈಪೆಟ್ಟಿಗೆಯ ಕತ್ತಲಿನ ಬೇರೊಂದು ಪುಟ್ಟ ಡಬ್ಬಿಯಿಂದ
ಅವಳು. ಅದೇ ವಿನಯ, ಅದೇ ಎರಡು ಸಾಲು.
ಅರ್ಥ ನನಗೆ ಗೊತ್ತು; ಇಲ್ಲಿಗೆ ಬರುವ ಅರ್ಧ ಗಾಡಿಗಳಲ್ಲಿ ಇದ್ದಾಳೆ.
ಬಚ್ಚಿಡಬಹುದಿತ್ತು. ಹೇಳಿಬಿಟ್ಟೆ:
"ಸುಂಕದ ಕಾರ್ಡು ಹಾಕಿಲ್ಲ, ಅಷ್ಟೇ ಅವಳು ಹೇಳುವುದು."

ತುಸು ಹೊತ್ತು ಸುಮ್ಮನಿದ್ದ.
"ಪಾಪ, ಒಂಬತ್ತು ವರ್ಷದಿಂದ ಅದೇ ಚಿಂತೆಯಾ?
ಗೇಟಿನ ಹುಡುಗನಿಗೆ ಕೈಯಲ್ಲೇ ಕೊಡ್ತೀನಿ ಅಂತ ತಿಳಿಸು,
ನಿನಗೆ ಅವಳ ಭಾಷೆ ಬರುತ್ತಲ್ಲ."
ನನಗೆ ಬರುವುದು ಆ ಎರಡು ಸಾಲು ಮಾತ್ರ.

ಕೈಗವಸಿನ ಬೆರಳು ಪರದೆಗೆ ಬೆರಳಲ್ಲ.
ನಾಲ್ಕು ಸಲ ಒತ್ತಿ, ಬೈದು, ಕೊನೆಗೆ ಮುಂದೆ ಬಾಗಿ
ಮೊಮ್ಮಗುವಿನ ನೆತ್ತಿ ಮೂಸುವ ಹಾಗೆ
ಮೂಗಿನ ತುದಿಯಲ್ಲಿ ಮುಟ್ಟಿದ. ರೇಡಿಯೋ ಹಾಡಿತು.
ರಿವರ್ಸ್ ಗೇರು ಹಾಕಿಸಿದೆ:
ಹಸಿರು, ಹಳದಿ, ಕೆಂಪು ಗೆರೆಗಳ ನಡುವೆ
ಟೈರಿನ ರಾಶಿ, ಒಂದು ಕುಂಟು ನಾಯಿ,
ಹಿಮದ ಮೇಲೆ ಅವನದೇ ಹೆಜ್ಜೆ.
"ಓಹೋ! ಕುದುರೆಗೆ ಹೀಗೆ ಕಾಣುತ್ತಿತ್ತೇನು,
ಕತ್ತು ತಿರುಗಿಸದೇನೇ! ನಾನು ಬೆನ್ನ ಹಿಂದೆ ಬೆತ್ತ ಎತ್ತಿದ್ದೂ..."
ಮಾತು ಅಲ್ಲಿಗೇ ನಿಲ್ಲಿಸಿದ.

"ರಾತ್ರಿ ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುತ್ತೀರಾ?"
"ಮತ್ತೆ? ಒಲೆಯ ಪಕ್ಕ, ಕುರಿಮರಿಗಳ ಜೊತೆ ಮಲಗುತ್ತದೆ."
"ಹಾಗಾದರೆ ಹಳದಿ ತಂತಿಗೆ ಕುಡಿಯಲು ಏನೂ ಇಲ್ಲ.
ಬೆಳಿಗ್ಗೆ ಗಡಿಯಾರ ಸೊನ್ನೆ. ತಾರೀಕು ದಿನಾಲೂ ಜನವರಿ ಒಂದು."
"ಇರಲಿ. ಬೆಳಗಾಯಿತು ಅಂತ ನಾನೇ ಹೇಳುತ್ತೇನೆ."

ದುಡ್ಡು ಎಣಿಸಿಕೊಟ್ಟ, ಚೌಕಾಸಿ ಮಾಡದೆ.
ಆಮೇಲೆ, ಮುಂದೆ ದಾರಿ ಖಾಲಿಯಿದ್ದರೂ,
ಓಣಿಯುದ್ದಕ್ಕೂ ಹಿಂದಕ್ಕೇ ಓಡಿಸಿಕೊಂಡು ಹೋದ.
ಕುಂಟು ನಾಯಿ ಎದ್ದು ದಾರಿ ಬಿಟ್ಟಿತು.